ವೈನ್ ಶಾಪಿನ ಕ್ವಾರ್ಟರಿಗೆ ಬಾರಿನಲ್ಲಿ ಹೆಚ್ಚು ಹಣ ಏಕೆ?

ಪ್ರಶ್ನೆ: ನಾನು ಬಾಗಲಕೋಟೆ ಕಡೆಯವನು. ಬೆಳಗಾವಿಯ ಉದ್ಯಮಬಾಗದಲ್ಲಿ ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗಿದೆ. ವಾರಕ್ಕೊಮ್ಮೆ ಗೆಳೆಯರ ಜೊತೆ ರೂಮಿನ ಹತ್ತಿರವೇ ಇರುವ ಒಂದು ಸಣ್ಣ ಬಾರಿಗೆ ಹೋಗುತ್ತೇನೆ. ಎದುರಿನ ವೈನ್ ಶಾಪಿನಲ್ಲಿ ಸಿಗುವ ಅದೇ ಕ್ವಾರ್ಟರಿಗೆ (180 ಮಿ.ಲೀ. ಬಾಟಲಿಗೆ) ಬಾರಿನವರು ಹೆಚ್ಚು ಹಣ ಹಾಕುತ್ತಾರೆ. ಬಾಟಲಿಯ ಮೇಲೆ ಎಂಆರ್‌ಪಿ ಅಚ್ಚಾಗಿರುವಾಗ ಇದು ಸರಿಯೇ? ಹೊರಗಿನಿಂದ ತಂದು ಅಲ್ಲಿ ಕೂತು ಕುಡಿದರೆ ತಪ್ಪೇನು?

ಉತ್ತರ: ಬಾರಿನವರು ಎಂಆರ್‌ಪಿಗಿಂತ ಹೆಚ್ಚು ತೆಗೆದುಕೊಳ್ಳುವುದು ಕಾನೂನಿಗೆ ವಿರುದ್ಧವಲ್ಲ. ವೈನ್ ಶಾಪಿನವರು ಐದು ರೂಪಾಯಿ ಹೆಚ್ಚು ತೆಗೆದುಕೊಂಡರೂ ಅದು ತಪ್ಪು. ಒಂದೇ ರಸ್ತೆಯ ಎರಡು ಬದಿಗೆ ಎರಡು ನ್ಯಾಯ ಇರುವಂತೆ ಕಾಣುವ ಈ ವ್ಯತ್ಯಾಸದ ಮೂಲ ಬಾಟಲಿಯಲ್ಲಿಲ್ಲ, ಗೋಡೆಗೆ ತೂಗುಹಾಕಿದ ಲೈಸೆನ್ಸಿನಲ್ಲಿದೆ.

ಬಾಟಲಿಯ ವಿಷಯದಲ್ಲಿ ಇಬ್ಬರೂ ಸಮಾನರು. 2003ರಲ್ಲಿ ಕರ್ನಾಟಕ ರಾಜ್ಯ ಪಾನೀಯ ನಿಗಮ ಆರಂಭವಾದ ಮೇಲೆ ರಾಜ್ಯದ ಮದ್ಯದ ಸಗಟು ವ್ಯಾಪಾರವೆಲ್ಲ ಅದರ ಕೈಗೆ ಬಂದಿದೆ. ವೈನ್ ಶಾಪಿನವರೂ ಬಾರಿನವರೂ ನಿಗಮದ ಡಿಪೋದಿಂದಲೇ ಪೆಟ್ಟಿಗೆ ಎತ್ತಬೇಕು. ವ್ಯತ್ಯಾಸ ಆರಂಭವಾಗುವುದು ಅಲ್ಲಿಂದ ಮುಂದೆ. ವೈನ್ ಶಾಪಿನ ಲೈಸೆನ್ಸನ್ನು ಸಿಎಲ್-2 ಎನ್ನುತ್ತಾರೆ. ಅದರಲ್ಲಿ ಸೀಲ್ ಒಡೆಯದ ಬಾಟಲಿಯನ್ನು ಎಂಆರ್‌ಪಿ ದರದಲ್ಲಿ ಕೊಟ್ಟು ಕಳುಹಿಸಬೇಕೇ ಹೊರತು ಗಿರಾಕಿಗೆ ಅಲ್ಲಿಯೇ ಕುಡಿಯಲು ಅವಕಾಶ ಕೊಡುವಂತಿಲ್ಲ. ಸರ್ಕಾರಿ ಸ್ವಾಮ್ಯದ ಎಂಎಸ್‌ಐಎಲ್ ಮಳಿಗೆಗಳ ಸಿಎಲ್-11ಸಿ ಲೈಸೆನ್ಸಿಗೂ ಇದೇ ಕಟ್ಟಳೆ. ನೀವು ಹೋಗುವಂಥ ಬಾರ್ ಅಂಡ್ ರೆಸ್ಟೋರೆಂಟಿನದು ಸಿಎಲ್-9, ಲಾಡ್ಜಿಂಗ್ ಇರುವ ಹೋಟೆಲಿನದು ಸಿಎಲ್-7. ಇವು ಊಟ, ತಿಂಡಿಯ ಜೊತೆಗೆ ಅಲ್ಲಿಯೇ ಕೂಡಿಸಿ ಕುಡಿಸುವ ಲೈಸೆನ್ಸುಗಳು. ಪಾರ್ಸಲ್ ಕೊಡುವುದು ಇವುಗಳ ಕೆಲಸವಲ್ಲ. 2020ರ ಮೇ ತಿಂಗಳಿನಲ್ಲಿ ಕೊರೊನಾ ಕಾಲದ ಲಾಕ್‌ಡೌನ್ ನಡುವೆ ಬಾರುಗಳಲ್ಲಿ ಉಳಿದಿದ್ದ ಸರಕನ್ನು ಪಾರ್ಸಲ್ ಮಾರಲು ಸರ್ಕಾರ ಕೆಲವು ದಿನಗಳ ಮಟ್ಟಿಗೆ ಪ್ರತ್ಯೇಕ ಅನುಮತಿಯನ್ನೇ ಕೊಡಬೇಕಾಯಿತು, ಆಗ ಬಾರಿನವರೂ ಎಂಆರ್‌ಪಿ ದರದಲ್ಲೇ ಮಾರಬೇಕಾಗಿತ್ತು ಎಂಬುದನ್ನು ನೆನಪಿಸಿಕೊಂಡರೆ ಈ ಗೆರೆ ಎಷ್ಟು ಸ್ಪಷ್ಟವಾಗಿದೆ ಎಂಬುದು ತಿಳಿಯುತ್ತದೆ. ಕೊಟ್ಟು ಕಳುಹಿಸಿದರೆ ಎಂಆರ್‌ಪಿ, ಕೂಡಿಸಿ ಕೊಟ್ಟರೆ ಬಾರಿನ ದರ.

ಇದೇ ವಿಚಾರ ಕುಡಿಯುವ ನೀರಿನ ಬಾಟಲಿಯ ವಿಷಯವಾಗಿ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. ಹೋಟೆಲಿಗೆ ಬರುವವರು ಬರಿ ಬಾಟಲಿ ಕೊಳ್ಳಲು ಬರುವುದಿಲ್ಲ, ಅಲ್ಲಿನ ಜಾಗ ಮತ್ತು ಉಪಚಾರಕ್ಕಾಗಿ ಬರುತ್ತಾರೆ, ಆದ್ದರಿಂದ ಹೋಟೆಲು, ರೆಸ್ಟೋರೆಂಟುಗಳು ಎಂಆರ್‌ಪಿಗಿಂತ ಹೆಚ್ಚು ದರ ಹಾಕಬಹುದು ಎಂದು ಕೋರ್ಟು 2017ರ ಡಿಸೆಂಬರಿನಲ್ಲಿ ಹೇಳಿತು. ಬಾರಿನ ಬಿಲ್ಲಿಗೂ ಇದೇ ತರ್ಕ ಅನ್ವಯಿಸುತ್ತದೆ. ನೀವು ಕೊಡುವ ಹೆಚ್ಚಿನ ಹಣ ಮದ್ಯಕ್ಕಲ್ಲ, ಕುರ್ಚಿಗೆ.

ಹಾಗಾದರೆ ಆ ಕುರ್ಚಿಯ ಹಣಕ್ಕೆ ಪ್ರತಿಯಾಗಿ ಏನು ಸಿಗಬೇಕು? ನನ್ನ ದೃಷ್ಟಿಯಲ್ಲಿ ನೀವು ಕೇಳಬೇಕಾದ ಪ್ರಶ್ನೆ ಇದೇ, ಏಕೆಂದರೆ ಓಣಿಯ ಬಾರಿಗೆ ಹೋಗುವ ದುಡಿಯುವ ಜನ ದರದ ಬಗ್ಗೆ ಗೊಣಗುತ್ತಾರೆಯೇ ಹೊರತು ಆ ದರಕ್ಕೆ ತಮಗೆ ಸಲ್ಲಬೇಕಾದದ್ದನ್ನು ಕೇಳಿ ಪಡೆಯುವುದಿಲ್ಲ. ತೊಳೆದ ಗ್ಲಾಸು, ಕುಡಿಯಲು ಯೋಗ್ಯವಾದ ನೀರು, ಬಾಗಿಲು ಹಾಕಿಕೊಳ್ಳಲು ಬರುವ ಶೌಚಾಲಯ, ಅವಸರ ಮಾಡಿ ಎಬ್ಬಿಸದ ಮೇಜು, ಅಚ್ಚಾದ ದರಪಟ್ಟಿ ಇವೆಲ್ಲ ಆ ಹಣದೊಳಗೇ ಬರುತ್ತವೆ. ಹೆಣ್ಣುಮಕ್ಕಳು ನಿಶ್ಚಿಂತೆಯಿಂದ ಕೂತು ಊಟ ಮಾಡುವಂಥ ಫ್ಯಾಮಿಲಿ ವಿಭಾಗವಿದ್ದರೆ ಆ ಬಾರಿನ ಒಟ್ಟು ವಾತಾವರಣವೇ ಸುಧಾರಿಸಿರುತ್ತದೆ ಎಂಬುದು ನಾನು ಹಲವು ಸಲ ಕಂಡದ್ದು. ಆದರೆ ಇವೆಲ್ಲಕ್ಕಿಂತ ಮೊದಲು ಸಿಗಬೇಕಾದದ್ದು ಅಳತೆಯಲ್ಲಿ ಪ್ರಾಮಾಣಿಕತೆ.

ಅಳತೆಯ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸ್ಮಾಲ್ ಎಂದರೆ 30 ಮಿ.ಲೀ., ಲಾರ್ಜ್ ಎಂದರೆ 60, ನೈಂಟಿ ಎಂದರೆ ಹೆಸರೇ ಹೇಳುವಂತೆ 90, ಕ್ವಾರ್ಟರ್ ಎಂದರೆ 180. ಅಂದರೆ ಒಂದು ಕ್ವಾರ್ಟರಿನಲ್ಲಿ ಮೂರು ಲಾರ್ಜ್ ಇರುತ್ತವೆ. 750 ಮಿ.ಲೀ. ಫುಲ್ ಬಾಟಲಿಯಿಂದ ಸರಿಯಾಗಿ ಅಳೆದರೆ ಹನ್ನೆರಡೂವರೆ ಲಾರ್ಜ್ ಬರಬೇಕು. ಅಳೆಯುವವನು ಪ್ರತಿ ಲಾರ್ಜ್ ಪೆಗ್ಗಿಗೆ ಹತ್ತು ಮಿ.ಲೀ. ಕಡಿಮೆ ಹಾಕಿದರೆ ಅದೇ ಬಾಟಲಿಯಿಂದ ಹದಿನೈದು ಬರುತ್ತವೆ; ಎರಡೂವರೆ ಪೆಗ್ಗಿನ ಹಣ ಗಿರಾಕಿಗಳ ಜೇಬಿನಿಂದ ಗಲ್ಲಾಕ್ಕೆ ಸದ್ದಿಲ್ಲದೆ ಹೋಗುತ್ತದೆ. ಮಂದ ಬೆಳಕಿನಲ್ಲಿ, ಐಸ್ ತುಂಬಿದ ಗ್ಲಾಸಿನಲ್ಲಿ ಹತ್ತು ಮಿ.ಲೀ. ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದಲೇ ಪೆಗ್ ಅಳೆಯುವ ಮಾಪಕವೂ ಕಿರಾಣಿ ಅಂಗಡಿಯ ತಕ್ಕಡಿಯಂತೆ 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ; ಅದು ಪರಿಶೀಲನೆಯಾಗಿ ಮುದ್ರೆ ಬಿದ್ದದ್ದಾಗಿರಬೇಕು. ಬಾಟಲಿಯ ಮುಚ್ಚಳದಲ್ಲಿ ಅಂದಾಜಿಗೆ ಸುರಿಯುವವರಿಗೆ ಮಾಪಕ ತರಲು ಹೇಳುವುದು ಜಗಳವಲ್ಲ, ನಿಮ್ಮ ಹಕ್ಕು.

ಕೆಲವು ವರ್ಷಗಳ ಹಿಂದೆ ವಿಜಯಪುರದ ಒಂದು ಬಾರಿನಲ್ಲಿ ನನಗೆ ಒಂದು ಪಾಠವಾಯಿತು. ಮೇಜಿಗೆ ಬಂದ ಕ್ವಾರ್ಟರಿನ ಸೀಲ್ ಆಗಲೇ ಒಡೆದಿತ್ತು. ಸಹಾಯ ಮಾಡಲೆಂದೇ ಮುಚ್ಚಳ ತೆಗೆದು ತಂದಿದ್ದಾರೆ ಎಂದು ತಿಳಿದು ಸುಮ್ಮನಿದ್ದೆ. ಮೊದಲ ಗುಟುಕಿಗೇ ಅದು ನೀರು ಬೆರೆತದ್ದು ಎಂದು ಗೊತ್ತಾದರೂ, ಒಡೆದದ್ದು ನನ್ನ ಮುಂದೆ ಅಲ್ಲವಾದ್ದರಿಂದ ವಾದಿಸಲು ನನ್ನ ಬಳಿ ಏನೂ ಉಳಿದಿರಲಿಲ್ಲ. ಅಂದಿನಿಂದ ಬಾಟಲಿ ಮೇಜಿಗೆ ಬಂದ ಕೂಡಲೇ ನಾನು ಮೂರು ಸಂಗತಿ ನೋಡುತ್ತೇನೆ: ಮುಚ್ಚಳದ ಮೇಲೆ ಅಬಕಾರಿ ಇಲಾಖೆಯ ಹೊಲೋಗ್ರಾಂ ಚೀಟಿ ಹರಿಯದೆ ಇದೆಯೇ, ಮುಚ್ಚಳ ತಿರುವಿದಾಗ ಕಟಕಟ ಸದ್ದು ಬರುತ್ತದೆಯೇ, ಲೇಬಲ್ಲಿನ ಮೇಲೆ ಇದು ಕರ್ನಾಟಕದಲ್ಲಿ ಮಾರಾಟಕ್ಕೆ ಎಂದು ಇದೆಯೇ. ಬೆಳಗಾವಿಯಲ್ಲಿ ನಾನು ಹೋಗುವ ಕಡೆ ಬಹಳ ವರ್ಷಗಳಿಂದ ಕೆಲಸ ಮಾಡುತ್ತಿರುವ ಹಿರಿಯರೊಬ್ಬರಿದ್ದಾರೆ. ಎಲ್ಲರಿಗೂ ಅವರು ಕಾಕಾ. "ಕಾಕಾ, ಸೀಲ್ ನಮ್ಮ ಮುಂದ ಒಡೀರಿ" ಎಂದು ಮೊದಲ ಸಲ ಸಂಕೋಚದಿಂದ ಹೇಳಿದಾಗ ಅವರು ಸ್ವಲ್ಪವೂ ಬೇಸರಿಸದೆ ಬಾಟಲಿಯನ್ನು ಬೆಳಕಿನ ಕಡೆ ಹಿಡಿದು ಚೀಟಿ ತೋರಿಸಿ, "ಕೇಳೂದ ಛಲೋರಿ ಸಾಹೇಬ್ರ, ಕೇಳದವ್ರ ಆಮ್ಯಾಲೆ ಮನೀಗಿ ಹೋಗಿ ಬೈತಾರ" ಎಂದರು. ಈಗ ಹೇಳುವ ಮೊದಲೇ ಅವರ ಕೈ ಬೆಳಕಿನ ಕಡೆ ಹೋಗುತ್ತದೆ.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ಹೊರಗಿನ ಬಾಟಲಿಯನ್ನು ಬಾರಿನೊಳಗೆ ಕುಡಿಯಲು ಬಿಟ್ಟರೆ ತೊಂದರೆಗೆ ಸಿಲುಕುವವರು ಲೈಸೆನ್ಸುದಾರರು, ಆದ್ದರಿಂದ ಅವರು ಬೇಡವೆನ್ನುವುದು ಸಹಜ. ಉಳಿತಾಯಕ್ಕೆಂದು ವೈನ್ ಶಾಪಿನ ಪಕ್ಕದ ಕಟ್ಟೆಯ ಮೇಲೋ, ಲೇಔಟಿನ ಖಾಲಿ ಜಾಗದಲ್ಲೋ, ಬೈಕಿನ ಸೀಟಿನ ಮೇಲೋ ಗ್ಲಾಸು ಇಟ್ಟುಕೊಳ್ಳುವವರು ಬೆಳಗಾವಿಯಲ್ಲಿಯೂ ಬಹಳ ಇದ್ದಾರೆ. ಸಾರ್ವಜನಿಕ ಸ್ಥಳದಲ್ಲಿ ಕುಡಿಯುವುದು ಕರ್ನಾಟಕ ಅಬಕಾರಿ ಕಾಯ್ದೆ, 1965ರ 15(ಎ) ಕಲಮಿನ ಪ್ರಕಾರ ನಿಷಿದ್ಧ. ಹಾಗೆ ಕುಡಿಯಲು ಜಾಗ, ನೀರು, ಲೋಟ ಒದಗಿಸುವ ಚಹಾದಂಗಡಿ, ಎಗ್ ರೈಸ್ ಗಾಡಿಗಳ ಮೇಲೂ ಪೊಲೀಸರು ಪ್ರಕರಣ ದಾಖಲಿಸುತ್ತಾರೆ. ಉಳಿಸಿದ ನಲವತ್ತು ರೂಪಾಯಿಗೆ ಠಾಣೆಯ ಮೆಟ್ಟಿಲು ಹತ್ತುವ ಬದಲು ರೂಮಿಗೆ ಒಯ್ಯುವುದೇ ಲೇಸು, ರೂಮಿನ ಮಾಲಕರು ಒಪ್ಪಿದರೆ.

ಈ ಊರಿಗೆ ಹೊಸಬರಾದ ನಿಮಗೆ ಇನ್ನೊಂದು ಎಚ್ಚರಿಕೆ ಬೇಕು. ಚೋರ್ಲಾ ಘಾಟ್ ಇಳಿದರೆ ಗೋವಾ. ಅಲ್ಲಿ ತೆರಿಗೆ ಕಡಿಮೆ, ಆದ್ದರಿಂದ ಬೆಲೆಯೂ ಕಡಿಮೆ. "ನಾಳೆ ಗೋವಾಕ್ಕ ಹೊಂಟೇನಿ, ನಿನಗ ಎರಡ ಬಾಟ್ಲಿ ತರ್ಲೇನು?" ಎಂದು ಕೇಳುವ ಗೆಳೆಯರು ಬೆಳಗಾವಿಯ ಪ್ರತಿ ಕಾರ್ಖಾನೆಯಲ್ಲಿಯೂ ಸಿಗುತ್ತಾರೆ. ಆ ಬಾಟಲಿಗಳ ಮೇಲೆ ಗೋವಾದಲ್ಲಿ ಮಾತ್ರ ಮಾರಾಟಕ್ಕೆ ಎಂದು ಬರೆದಿರುತ್ತದೆ, ಕರ್ನಾಟಕದ ಅಬಕಾರಿ ಸುಂಕ ಅದರ ಮೇಲೆ ಕಟ್ಟಿರುವುದಿಲ್ಲ. ಅನುಮತಿಪತ್ರವಿಲ್ಲದೆ ತರುವುದು ಅಪರಾಧ. ಕಣಕುಂಬಿಯ ತಪಾಸಣಾ ಠಾಣೆಯಲ್ಲಿ ಸಿಕ್ಕರೆ ಬಾಟಲಿಯ ಜೊತೆಗೆ ಗಾಡಿಯನ್ನೂ ಜಪ್ತಿ ಮಾಡಬಹುದು. ಹಾಗೆಯೇ ಬೆಳಗಾವಿ ಸೈನ್ಯದ ಊರು. ಸೇನಾ ಕ್ಯಾಂಟೀನಿನ ರಮ್ ಸೈನಿಕರಿಗೂ ನಿವೃತ್ತ ಸೈನಿಕರಿಗೂ ಮೀಸಲಾದದ್ದು, ಅದನ್ನು ಬೇರೆಯವರು ಕೊಳ್ಳುವುದೂ ಮಾರುವುದೂ ತಪ್ಪು. ಓಣಿಯ ಯಾವುದೇ ಬಾರಿನಲ್ಲಿ ಇವೆರಡರಲ್ಲಿ ಯಾವುದನ್ನಾದರೂ "ಕಡಿಮೆ ದರಕ್ಕೆ ಕೊಡ್ತೀನಿ" ಎಂದು ಪಿಸುಗುಟ್ಟಿದರೆ ಅಲ್ಲಿಂದ ಎದ್ದು ಬನ್ನಿ. ಸುಂಕ ತಪ್ಪಿಸುವವರು ಗ್ಲಾಸಿನ ಅಳತೆಯಲ್ಲಿ ನಿಮಗೆ ನಿಷ್ಠೆ ತೋರುತ್ತಾರೆಂದು ನಂಬಲು ಕಾರಣವಿಲ್ಲ. ಮಹಾರಾಷ್ಟ್ರದ ಕಡೆ ಹೋದರೆ ಬಾರುಗಳ ಫಲಕದ ಮೇಲೆ ಪರ್ಮಿಟ್ ರೂಮ್ ಎಂದು ಕಾಣುತ್ತದೆ. 1949ರ ಮುಂಬಯಿ ಪಾನನಿಷೇಧ ಕಾಯ್ದೆಯ ಪ್ರಕಾರ ಅಲ್ಲಿ ಕುಡಿಯುವವರಿಗೂ ಪರವಾನಗಿ ಬೇಕು. 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯದಲ್ಲಿದ್ದ ಬೆಳಗಾವಿ, ವಿಜಯಪುರ ಜಿಲ್ಲೆಗಳಿಗೂ ಆ ಕಾಯ್ದೆಯೇ ಇತ್ತು. ಇಂದು ಕರ್ನಾಟಕದಲ್ಲಿ ಗಿರಾಕಿಗೆ ಅಂಥ ಪರವಾನಗಿ ಬೇಕಿಲ್ಲ, 21 ವರ್ಷ ತುಂಬಿರಬೇಕು ಅಷ್ಟೆ.

ಬಿಲ್ಲು ಬಂದಾಗ ಮೂರು ಸಾಲುಗಳನ್ನು ಓದಿ. ಕುಡಿಯುವ ಮದ್ಯ ಜಿಎಸ್‌ಟಿಯ ಹೊರಗಿದೆ, ಆದ್ದರಿಂದ ಆ ತೆರಿಗೆಯನ್ನು ಊಟ, ತಿಂಡಿಯ ಮೊತ್ತದ ಮೇಲೆ ಮಾತ್ರ ಹಾಕಬಹುದು. ಇಡೀ ಬಿಲ್ಲಿನ ಮೇಲೆ ಹಾಕಿದ್ದರೆ ತಿದ್ದಿಸಿ. ಸರ್ವಿಸ್ ಚಾರ್ಜ್ ಎಂಬ ಸಾಲು ತಾನಾಗಿಯೇ ಸೇರಿದ್ದರೆ ತೆಗೆಸಿ, ಅದನ್ನು ಕಡ್ಡಾಯ ಮಾಡುವಂತಿಲ್ಲ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿಯೇ ಮಾರ್ಗಸೂಚಿ ಹೊರಡಿಸಿದೆ. ಮೂರನೆಯದು ದರಪಟ್ಟಿಗೂ ಬಿಲ್ಲಿಗೂ ಇರುವ ತಾಳೆ. ಬಾರಿನವರು ಎಂಆರ್‌ಪಿಗಿಂತ ಹೆಚ್ಚು ಹಾಕಬಹುದು ಎಂದರೆ ದರಪಟ್ಟಿಗಿಂತ ಹೆಚ್ಚು ಹಾಕಬಹುದು ಎಂದಲ್ಲ. ದರಪಟ್ಟಿಯೇ ಇಲ್ಲದ, ಬಾಯಿಲೆಕ್ಕದಲ್ಲಿ ಬಿಲ್ ಹೇಳುವ ಬಾರಿಗೆ ನಾನು ಎರಡನೆಯ ಸಲ ಹೋಗುವುದಿಲ್ಲ. ಮಾತಿನಲ್ಲಿ ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915; ಬಿಲ್ಲಿನ ಫೋಟೊ ಇಟ್ಟುಕೊಂಡಿರಿ. ಲೈಸೆನ್ಸಿನ ಅವಧಿಯನ್ನೂ ಒಮ್ಮೆ ಗೋಡೆಯ ಮೇಲೆ ನೋಡಬಹುದು. ಅಬಕಾರಿ ವರ್ಷ ಜುಲೈ 1ರಿಂದ ಜೂನ್ 30ರವರೆಗೆ.

ಬಾಗಿಲು ಮುಚ್ಚಿರುವ ದಿನಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅಕ್ಟೋಬರ್ 2, ಮತದಾನ ಮುಗಿಯುವ ಹಿಂದಿನ 48 ಗಂಟೆ, ಮತ್ತು ಗಣೇಶ ವಿಸರ್ಜನೆಯಂಥ ಸಂದರ್ಭಗಳಲ್ಲಿ ಜಿಲ್ಲಾಡಳಿತ ಆದೇಶಿಸಿದ ದಿನ ಎಲ್ಲೂ ಸಿಗುವುದಿಲ್ಲ; ಅಂದು ಎರಡು ಪಟ್ಟು ಬೆಲೆಗೆ ಹಿಂಬಾಗಿಲಿನಿಂದ ಸಿಗುವುದನ್ನು ಕೊಳ್ಳಬೇಡಿ.

ಕೊನೆಯದಾಗಿ, ಲೆಕ್ಕ ಇಡುವವರೂ ತಪ್ಪುವ ಒಂದು ಕಡೆ ಇದೆ. "ನಾನು ಬರೇ ಬಿಯರ್ ಕುಡಿದೇನಿ" ಎಂದು ಬೈಕಿನ ಕೀಲಿ ತೆಗೆಯುವವರನ್ನು ನೀವೂ ನೋಡಿರುತ್ತೀರಿ. ವಿಸ್ಕಿ, ರಮ್‌ಗಳಲ್ಲಿ ಸಾಮಾನ್ಯವಾಗಿ ಶೇ. 42.8ರಷ್ಟು ಮದ್ಯಸಾರ ಇರುತ್ತದೆ, ಆದ್ದರಿಂದ ಒಂದು ಲಾರ್ಜ್ ಪೆಗ್ಗಿನಲ್ಲಿ ಸುಮಾರು 26 ಮಿ.ಲೀ. ಶುದ್ಧ ಮದ್ಯಸಾರವಾಯಿತು. ಸ್ಟ್ರಾಂಗ್ ಬಿಯರಿನಲ್ಲಿ ಶೇ. 8ರವರೆಗೆ ಇರಬಹುದು, 650 ಮಿ.ಲೀ. ಬಾಟಲಿಗೆ ಅದು 52 ಮಿ.ಲೀ. ಆಗುತ್ತದೆ. ಅಂದರೆ ಒಂದು ಸ್ಟ್ರಾಂಗ್ ಬಿಯರ್ ಎರಡು ಲಾರ್ಜಿಗೆ ಸಮ, ಎರಡು ಬಿಯರ್ ಒಂದು ಕ್ವಾರ್ಟರಿಗಿಂತ ಹೆಚ್ಚು. ಮೋಟಾರು ವಾಹನ ಕಾಯ್ದೆ 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ.ಗಿಂತ ಹೆಚ್ಚು ಮದ್ಯಸಾರವನ್ನು ಒಪ್ಪುವುದಿಲ್ಲ. ಮೊದಲ ಸಲ ಸಿಕ್ಕರೆ ಹತ್ತು ಸಾವಿರ ರೂಪಾಯಿ ದಂಡ, ಆರು ತಿಂಗಳವರೆಗಿನ ಜೈಲು ಅಥವಾ ಎರಡೂ ಆಗಬಹುದು. ನೀವು ವಾರಕ್ಕೊಮ್ಮೆ ಹೋಗುವ ಬಾರು ರೂಮಿನ ಹತ್ತಿರವೇ ಇದೆ ಎಂದು ಬರೆದಿದ್ದೀರಿ. ನಡೆದೇ ಹೋಗಿ, ನಡೆದೇ ಬನ್ನಿ.

ನಾನು ಹೇಳಿದ ಆ ಹಿರಿಯರು ಒಂದು ರಾತ್ರಿ ಫೌಂಡ್ರಿಯ ಹುಡುಗನೊಬ್ಬನ ಬೈಕಿನ ಕೀಲಿಯನ್ನು ಮೇಜಿನಿಂದ ಎತ್ತಿ ಗಲ್ಲಾದ ಮೇಲಿನ ಮೊಳೆಗೆ ತೂಗುಹಾಕಿದರು. ಹುಡುಗ ಕೈಚಾಚಿ, "ಕಾಕಾ, ಕೊಡ್ರಿ, ಇಲ್ಲೇ ವಡಗಾವಿಗೆ ಹೋಗಾಂವ" ಎಂದ. "ಗಾಡಿ ಇಲ್ಲೇ ಇರ್ತೈತಿ ತಮ್ಮಾ, ಮುಂಜಾನೆ ಬಾ" ಎಂದು ಅವನನ್ನು ಆಟೊ ಹತ್ತಿಸಿ ಬಂದರು. ಅಂದು ನನ್ನ ಬಿಲ್ಲಿನಲ್ಲಿ ಕ್ವಾರ್ಟರಿಗೆ ವೈನ್ ಶಾಪಿಗಿಂತ ಎಷ್ಟು ಹೆಚ್ಚು ಹಾಕಿದ್ದರೆಂದು ನಾನು ನೋಡಲಿಲ್ಲ.