ಮಣಿಸರ ತೆಗೀರಿ ಅನ್ನುವ ಮೊದಲು

ಎದೆಯ ಎಕ್ಸ್‌ರೇ ತೆಗೆಯುವಾಗ ಕೊರಳಲ್ಲಿ ಏನೂ ಇರಬಾರದು. ಅಂಕೋಲಾ ಕಡೆಯ ಹಾಲಕ್ಕಿ ಒಕ್ಕಲು ಸಮುದಾಯದ ಅಜ್ಜಿಗೆ ಇದು ಸಣ್ಣ ಮಾತಲ್ಲ. ಕೊರಳ ತುಂಬ ಮಣಿಸರ, ಅದೂ ಒಂದೆರಡಲ್ಲ. ಅಜ್ಜಿಗೆ ಅದು ಉಡುಗೆಯೇ. ಎಲ್ಲರೆದುರು "ಬೇಗ ತೆಗೀರಿ" ಎಂದು ಗದರಿದರೆ ಆಕೆ ಮತ್ತೆ ಆಸ್ಪತ್ರೆ ಮೆಟ್ಟಿಲು ಹತ್ತದೆ ಇರಬಹುದು. ಪರದೆ ಎಳೆದು, ಸೊಸೆಯನ್ನು ಪಕ್ಕದಲ್ಲಿ ನಿಲ್ಲಿಸಿ, ಸರಗಳನ್ನು ಅವಳ ಕೈಗೇ ಕೊಟ್ಟರೆ ಕೆಲಸ ಸಲೀಸು. ಜಾಸ್ತಿ ಅಂದರೆ ಐದು ನಿಮಿಷ. ಆ ಐದು ನಿಮಿಷ ಸಿಗುತ್ತದೋ ಇಲ್ಲವೋ ಅನ್ನುವುದು ಇನ್‌ಚಾರ್ಜ್ ಸಿಸ್ಟರ್ ವಾರ್ಡನ್ನು ಹೇಗೆ ನಡೆಸುತ್ತಾರೆ ಅನ್ನುವುದರ ಮೇಲಿದೆ.

ನರ್ಸಿಂಗ್ ಪಾಠದಲ್ಲಿ ಇಂಥದ್ದಕ್ಕೆ ಬಹಳ ಕಾಲ ಜಾಗವೇ ಇರಲಿಲ್ಲ. 1950ರ ದಶಕದಲ್ಲಿ ಅಮೆರಿಕದ ನರ್ಸ್ ಮ್ಯಾಡೆಲಿನ್ ಲೈನಿಂಗರ್ ಸಿನ್ಸಿನಾಟಿಯಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದರು. ಊಟ, ನಿದ್ದೆ, ಆಟ ಎಲ್ಲದರಲ್ಲೂ ಒಂದೊಂದು ಸಮುದಾಯದ ಮಕ್ಕಳದು ಒಂದೊಂದು ರೀತಿ. ತಾವು ಕಲಿತದ್ದು ಸಾಲದು ಅನ್ನಿಸಿ ಮಾನವಶಾಸ್ತ್ರ ಓದಿದರು, ಪಪುವಾ ನ್ಯೂಗಿನಿಯ ಹಳ್ಳಿಗಳಲ್ಲಿ ಇದ್ದು ಬಂದರು. ರೋಗಿಯ ಸಂಸ್ಕೃತಿ ಅರಿತು ಆರೈಕೆ ಮಾಡುವ ಈ ವಿಷಯಕ್ಕೇ 1974ರಲ್ಲಿ ಒಂದು ಸಂಘ ಹುಟ್ಟಿತು.

ನನಗೆ ಹೆಚ್ಚು ಹಿಡಿಸಿದ್ದು ನ್ಯೂಜಿಲೆಂಡಿನ ಕತೆ. 1988ರ ಒಂದು ಸಭೆಯಲ್ಲಿ ಅಲ್ಲಿನ ಮೂಲನಿವಾಸಿಗಳಾದ ಮಾವೊರಿ ಜನರ ಹುಡುಗಿಯೊಬ್ಬಳು, ನರ್ಸಿಂಗ್ ವಿದ್ಯಾರ್ಥಿನಿ, ಎದ್ದು ಕೇಳಿದಳಂತೆ: ಕಾನೂನಿನ ಸುರಕ್ಷತೆ, ನೀತಿಯ ಸುರಕ್ಷತೆ ಅಂತೆಲ್ಲ ಹೇಳುತ್ತೀರಿ, ನಮ್ಮ ಸಂಸ್ಕೃತಿಯ ಸುರಕ್ಷತೆ ಎಲ್ಲಿ? ಮಾವೊರಿ ನರ್ಸ್ ಇರಿಹಾಪೇಟಿ ರಾಮ್ಸ್‌ಡೆನ್ ಈ ಮಾತನ್ನು ಹಿಡಿದು ಬೆಳೆಸಿದರು. 1992ರಲ್ಲಿ ಅದು ಅಲ್ಲಿನ ನರ್ಸಿಂಗ್ ಶಿಕ್ಷಣದೊಳಗೆ ಬಂತು. ಆರೈಕೆ ಸರಿಯಿತ್ತೇ ಅಂತ ಹೇಳಬೇಕಾದವರು ಹಾಸಿಗೆಯಲ್ಲಿ ಮಲಗಿದವರು ಅನ್ನುವುದು ಅದರ ತಿರುಳು. ಸಿಸ್ಟರಿಗೆ ಕೇಳಲು ಸ್ವಲ್ಪ ಕಷ್ಟವೇ, ಅಲ್ವಾ?

ನಮ್ಮ ಉತ್ತರ ಕನ್ನಡ ಜಿಲ್ಲೆಯನ್ನೇ ನೋಡಿ. ಕಾರವಾರದಲ್ಲಿ ಕೊಂಕಣಿ, ಭಟ್ಕಳದಲ್ಲಿ ನವಾಯತಿ ಮಾತು, ಜೋಯಿಡಾದಲ್ಲಿ ಕುಣಬಿಯರು, ಮುಂಡಗೋಡದಲ್ಲಿ ಟಿಬೆಟನ್ನರು. ಯಲ್ಲಾಪುರ, ಹಳಿಯಾಳದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿ ಸೇರಿದ್ದೇ 2003ರಲ್ಲಿ. ದೂರದ ಕಷ್ಟ ಬೇರೆ. ಕಾಯಿಲೆ ಜೋರಾದರೆ ಮಣಿಪಾಲ, ಮಂಗಳೂರು, ಗೋವಾ, ಹುಬ್ಬಳ್ಳಿ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್‌ಗೇಟಿನಲ್ಲಿ ಪಲ್ಟಿಯಾದ ಮೇಲೆ ದೊಡ್ಡಾಸ್ಪತ್ರೆ ಬೇಕೆಂಬ ಕೂಗು ಮತ್ತೆ ಎದ್ದಿತು.

ಆಸ್ಪತ್ರೆ ಬೇಕೇ ಬೇಕು. ಆದರೆ ಇರುವ ವಾರ್ಡಿನಲ್ಲೇ ಆಗುವ ಕೆಲಸವೂ ಇದೆ. 2005ರಲ್ಲಿ ಶುರುವಾದ ಆಶಾ ಯೋಜನೆಯಲ್ಲಿ ಆಯಾ ಊರಿನ ಹೆಂಗಸರೇ ಇದ್ದಾರೆ. ಊರ ಮಾತು ಬಲ್ಲವರು. ಬಾಣಂತಿಗೆ ಡಿಸ್ಚಾರ್ಜ್ ಚೀಟಿ ಓದಿ ಹೇಳುವಾಗ ಆಶಾಕ್ಕನನ್ನು ಒಳಗೆ ಕರೆದು ಕೊಂಕಣಿಯಲ್ಲಿ ಹೇಳಿಸಲು ಹೊಸ ಕಟ್ಟಡ ಬೇಡ. ಇನ್‌ಚಾರ್ಜ್ ಸಿಸ್ಟರ್ "ಬಾ ಒಳಗೆ" ಅಂದರೆ ಆಯಿತು.