ತಾಂಜಾನಿಯಾ: ನೂರಕ್ಕೂ ಹೆಚ್ಚು ಬುಡಕಟ್ಟುಗಳು ಒಂದು ದೇಶವಾದದ್ದು ಹೇಗೆ?

ತಾಂಜಾನಿಯಾ ಅಂದ ಕೂಡಲೇ ನಮಗೆ ನೆನಪಾಗುವುದು ಸೆರೆಂಗೆಟಿಯ ಪ್ರಾಣಿಗಳು, ಕಿಲಿಮಂಜಾರೋ ಪರ್ವತ. ಪರ್ವತದ ಎತ್ತರ 5,895 ಮೀಟರ್, ಆಫ್ರಿಕಾದಲ್ಲೇ ಅತಿ ಎತ್ತರದ್ದು. ಪರೀಕ್ಷೆಗೆ ಅದೂ ಬೇಕು, ಬರೆದಿಟ್ಟುಕೊಳ್ಳಿ. ಆದರೆ ನನಗೆ ಈ ದೇಶದಲ್ಲಿ ಅದಕ್ಕಿಂತ ಮುಖ್ಯ ಅನಿಸುವುದು ಅಲ್ಲಿನ ಜನ. 120ಕ್ಕೂ ಹೆಚ್ಚು ಬುಡಕಟ್ಟುಗಳಿವೆ, ಯಾವುದಕ್ಕೂ ಬಹುಮತ ಇಲ್ಲ. ಪಕ್ಕದ ರುವಾಂಡಾ, ಬುರುಂಡಿಗಳಲ್ಲಿ ಜನಾಂಗದ ಹೆಸರಿನಲ್ಲಿ ಎಷ್ಟು ರಕ್ತ ಹರಿಯಿತು ಅಂತ ನಾವೆಲ್ಲ ಓದಿದ್ದೇವೆ. ತಾಂಜಾನಿಯಾದಲ್ಲಿ ಹಾಗೆ ಆಗಲಿಲ್ಲ. ಯಾಕೆ ಅನ್ನುವುದೇ ಈ ಟಿಪ್ಪಣಿಯ ವಿಷಯ.

ಮೊದಲು ನಕ್ಷೆ ನೋಡಿ. ಪೂರ್ವಕ್ಕೆ ಹಿಂದೂ ಮಹಾಸಾಗರ, ಉತ್ತರಕ್ಕೆ ವಿಕ್ಟೋರಿಯಾ ಸರೋವರ, ಪಶ್ಚಿಮಕ್ಕೆ ಟಾಂಗನೀಕಾ ಸರೋವರ, ದಕ್ಷಿಣಕ್ಕೆ ನ್ಯಾಸಾ ಸರೋವರ. ರಾಜಧಾನಿ ಡೊಡೊಮಾ, ದೊಡ್ಡ ನಗರ ದಾರ್ ಎಸ್ ಸಲಾಮ್. ಇವೆರಡನ್ನು ಅದಲುಬದಲು ಮಾಡಬೇಡಿ. 2022ರ ಜನಗಣತಿಯಂತೆ ಜನಸಂಖ್ಯೆ ಸುಮಾರು 6.17 ಕೋಟಿ. ಅದರಲ್ಲಿ ಜಾಂಜಿಬಾರ್ ದ್ವೀಪಗಳ ಪಾಲು 19 ಲಕ್ಷದಷ್ಟು ಮಾತ್ರ.

ಬುಡಕಟ್ಟುಗಳಲ್ಲಿ ಸುಕುಮಾ ಜನರೇ ಜಾಸ್ತಿ. ವಿಕ್ಟೋರಿಯಾ ಸರೋವರದ ದಕ್ಷಿಣಕ್ಕೆ ಅವರ ನೆಲೆ, ದನ ಮತ್ತು ಹತ್ತಿ ಅವರ ಬದುಕು. ಕಿಲಿಮಂಜಾರೋ ಇಳಿಜಾರಿನ ಚಾಗ್ಗಾ ಜನ ಬಾಳೆಯ ನೆರಳಿನಲ್ಲಿ ಕಾಫಿ ಬೆಳೆಯುತ್ತಾರೆ, ಬೆಟ್ಟದ ಹೊಳೆಗಳಿಂದ ಕಾಲುವೆ ತೋಡಿ ನೀರು ತರುತ್ತಾರೆ. ಉತ್ತರದ ಬಯಲಲ್ಲಿ ಮಸಾಯಿ ದನಗಾಹಿಗಳು. ಎಯಾಸಿ ಸರೋವರದ ಸುತ್ತ ಹಾಡ್ಜಾ ಎಂಬ ಪುಟ್ಟ ಸಮುದಾಯವಿದೆ. ಅವರಲ್ಲಿ ಕೆಲವರು ಇವತ್ತಿಗೂ ಬೇಟೆ, ಜೇನು, ಗೆಡ್ಡೆಗೆಣಸಿನ ಮೇಲೆ ಬದುಕುತ್ತಾರೆ. ಇವರ ಭಾಷೆಯಲ್ಲಿ ನಾಲಿಗೆ ಲೊಟಕಿಸುವ ಸದ್ದುಗಳೂ ಅಕ್ಷರಗಳಷ್ಟೇ ಮುಖ್ಯ. ಬಾಂಟು, ನೈಲೋಟಿಕ್, ಕುಶಿಟಿಕ್ ಎಂಬ ಆಫ್ರಿಕಾದ ಭಾಷಾ ಗುಂಪುಗಳ ಜೊತೆಗೆ ಇಂಥ ಲೊಟಕು ಸದ್ದಿನ ಭಾಷೆಗಳೂ ಇರುವ ದೇಶ ಇದು. ಊಟಕ್ಕೆ ಮುಖ್ಯವಾಗಿ ಉಗಾಲಿ. ಕುದಿಯುವ ನೀರಿಗೆ ಮೆಕ್ಕೆಜೋಳದ ಹಿಟ್ಟು ಹಾಕಿ ಗಟ್ಟಿಯಾಗಿ ತೊಳಸಿ, ಕೈಯಲ್ಲಿ ಮುರಿದು ಪಲ್ಯದ ಜೊತೆ ತಿನ್ನುವುದು, ನಮ್ಮ ಮುದ್ದೆಯ ಹಾಗೆಯೇ. ಅಂದ ಹಾಗೆ, ರಾಗಿಯ ತವರೂ ಪೂರ್ವ ಆಫ್ರಿಕಾದ ಎತ್ತರದ ಪ್ರದೇಶವೇ. ಸಾವಿರಾರು ವರ್ಷಗಳ ಹಿಂದೆ ಅದು ನಮ್ಮ ಕಡೆಗೆ ಬಂತು. ಅಲ್ಲಿ ಈಗಲೂ ರಾಗಿ ಗಂಜಿ ಮಾಡಿ ಮಕ್ಕಳಿಗೆ ಕುಡಿಸುತ್ತಾರೆ.

ಇಷ್ಟೊಂದು ಬಗೆಯ ಜನರನ್ನು ಹತ್ತಿರ ತಂದದ್ದು ಸ್ವಾಹಿಲಿ. ಮೂಲತಃ ಕರಾವಳಿಯ ಬಾಂಟು ಭಾಷೆ, ಅರಬ್ಬೀ ಪದಗಳು ಧಾರಾಳವಾಗಿ ಸೇರಿಕೊಂಡಿವೆ. 19ನೇ ಶತಮಾನದಲ್ಲಿ ಬಾಗಮೋಯೊದಿಂದ ಟಾಂಗನೀಕಾ ಸರೋವರದ ಉಜಿಜಿವರೆಗೆ ವ್ಯಾಪಾರದ ತಂಡಗಳು ನಡೆದೇ ಹೋಗುತ್ತಿದ್ದವು. ಅವು ಸಾಗಿಸಿದ್ದು ಆನೆದಂತ ಮತ್ತು ಗುಲಾಮರನ್ನು. ಆ ಕ್ರೂರ ದಾರಿಯಲ್ಲೇ ಸ್ವಾಹಿಲಿಯೂ ಒಳನಾಡಿಗೆ ಹೋಯಿತು. ಆಮೇಲೆ ಬಂದ ಜರ್ಮನ್ನರು ಕೆಳಹಂತದ ಆಡಳಿತಕ್ಕೆ ಅದನ್ನೇ ಬಳಸಿದರು.

ಜರ್ಮನ್ನರು ರೈತರಿಂದ ಬಲವಂತವಾಗಿ ಹತ್ತಿ ಬೆಳೆಸಿದರು. ಅದರ ವಿರುದ್ಧ 1905ರಲ್ಲಿ ಮಾಜಿ ಮಾಜಿ ದಂಗೆ ಎದ್ದಿತು (ಸ್ವಾಹಿಲಿಯಲ್ಲಿ ಮಾಜಿ ಅಂದರೆ ನೀರು). ಕಿಂಜಿಕಿಟಿಲೆ ಎಂಬಾತ ಕೊಟ್ಟ ಮಂತ್ರದ ನೀರು ಗುಂಡನ್ನು ನೀರಾಗಿಸುತ್ತದೆ ಎಂದು ಜನ ನಂಬಿದ್ದರು. ಗುಂಡು ನೀರಾಗಲಿಲ್ಲ. ಜರ್ಮನ್ ಸೇನೆ ಹೊಲ, ಕಣಜ ಸುಟ್ಟಿತು, ಬರಗಾಲ ಬಂತು. ಸತ್ತವರು 75 ಸಾವಿರದಿಂದ 3 ಲಕ್ಷ ಎಂದು ಬೇರೆ ಬೇರೆ ಅಂದಾಜುಗಳಿವೆ. ಸೋತ ದಂಗೆ ಎಂದು ಒಂದೇ ಸಾಲಿನಲ್ಲಿ ಮುಗಿಸಬೇಡಿ. ಬೇರೆ ಬೇರೆ ಬುಡಕಟ್ಟುಗಳು ಸೇರಿ ಹೋರಾಡಿದ್ದರ ನೆನಪು ಅಲ್ಲಿಂದ ಉಳಿದುಕೊಂಡಿತು.

ಮೊದಲ ಮಹಾಯುದ್ಧದ ನಂತರ ಟಾಂಗನೀಕಾ, ಅಂದರೆ ಈಗಿನ ತಾಂಜಾನಿಯಾದ ಮುಖ್ಯಭೂಮಿ, ಬ್ರಿಟಿಷರ ಕೈಗೆ ಹೋಯಿತು. 1954ರಲ್ಲಿ ಜೂಲಿಯಸ್ ನ್ಯೆರೆರೆ ನೇತೃತ್ವದಲ್ಲಿ ಸ್ವಾತಂತ್ರ್ಯಕ್ಕಾಗಿ ಹೋರಾಡಿದ ಟಾನು (ಟಾಂಗನೀಕಾ ಆಫ್ರಿಕನ್ ನ್ಯಾಷನಲ್ ಯೂನಿಯನ್) ಪಕ್ಷ ಹುಟ್ಟಿತು. ನ್ಯೆರೆರೆ ಶಾಲಾ ಮೇಷ್ಟರಾಗಿದ್ದವರು, ಜನಾಕಿ ಎಂಬ ಚಿಕ್ಕ ಬುಡಕಟ್ಟಿನವರು. ಇದು ಅನುಕೂಲವೇ ಆಯಿತು ಎನ್ನಬಹುದು, ದೊಡ್ಡ ಗುಂಪೊಂದು ಆಳಲು ಹೊರಟಿದೆ ಎಂಬ ಭಯ ಯಾರಿಗೂ ಬರಲಿಲ್ಲ. ಸ್ವಾಹಿಲಿಯಲ್ಲಿ ಮಾತಾಡಿದರೆ ಬಹುತೇಕ ಎಲ್ಲ ಕಡೆ ಅರ್ಥವಾಗುತ್ತಿತ್ತು.

ಇಲ್ಲಿ ಇಸವಿಗಳು ಗೊಂದಲ ಮಾಡುತ್ತವೆ, ನಿಧಾನವಾಗಿ ಓದಿ. ಟಾಂಗನೀಕಾಕ್ಕೆ ಸ್ವಾತಂತ್ರ್ಯ ಬಂದದ್ದು 1961ರ ಡಿಸೆಂಬರ್ 9. ಜಾಂಜಿಬಾರ್ ಬೇರೆಯೇ ಸುಲ್ತಾನರ ನಾಡು, ಅದು ಸ್ವತಂತ್ರವಾದದ್ದು 1963ರ ಡಿಸೆಂಬರ್‌ನಲ್ಲಿ. ಸುಮಾರು ಒಂದು ತಿಂಗಳಿಗೆ, 1964ರ ಜನವರಿ 12ರಂದು, ಅಲ್ಲಿ ಕ್ರಾಂತಿಯಾಗಿ ಸುಲ್ತಾನ ಓಡಿಹೋದ. ಸಾವಿರಾರು ಅರಬ್ಬರನ್ನು ಕೊಂದರು, ಭಾರತೀಯ ಮೂಲದವರೂ ಸತ್ತರು. ಏಪ್ರಿಲ್ 26ಕ್ಕೆ ಎರಡೂ ಸೇರಿ ಒಂದು ದೇಶವಾಯಿತು. ಜಾಂಜಿಬಾರ್‌ಗೆ ಈಗಲೂ ತನ್ನದೇ ಅಧ್ಯಕ್ಷ, ತನ್ನದೇ ಶಾಸನಸಭೆ ಇದೆ.

1967ರ ಅರುಷಾ ಘೋಷಣೆಯೊಂದಿಗೆ ನ್ಯೆರೆರೆ ಸಮಾಜವಾದದ ದಾರಿ ಹಿಡಿದರು. ಬ್ಯಾಂಕುಗಳು ಸರ್ಕಾರದ ಪಾಲಾದವು. ಚದುರಿದ ರೈತರು ಒಟ್ಟಿಗೆ ಬದುಕಿ ದುಡಿಯುವ ಉಜಾಮಾ ಹಳ್ಳಿಗಳು ಶುರುವಾದವು. ಮೊದಲು ಇಷ್ಟವಿದ್ದವರು ಸೇರಬಹುದಿತ್ತು. 1973ರಿಂದ ಅದು ಕಡ್ಡಾಯವಾಯಿತು. ಲಕ್ಷಾಂತರ ಜನರನ್ನು ಎಬ್ಬಿಸಿ ಬೇರೆಡೆ ಕೂರಿಸಿದರು, ಹೊರಡದವರ ಗುಡಿಸಲು ಸುಟ್ಟದ್ದೂ ಉಂಟು. ಬರವೂ ಸೇರಿ ಕೃಷಿ ನೆಲಕಚ್ಚಿತು, ಆಹಾರ ಆಮದು ಮಾಡಬೇಕಾಯಿತು. ಅದೇ ಕಾಲದಲ್ಲಿ ಹಳ್ಳಿಗಳಿಗೆ ಶಾಲೆ, ದವಾಖಾನೆ ಬಂದವು, ಅಕ್ಷರ ಕಲಿತವರು ಬಹಳ ಹೆಚ್ಚಿದರು. ಉತ್ತರ ಬರೆಯುವಾಗ ಎರಡನ್ನೂ ಬರೆಯಿರಿ. ಒಂದನ್ನು ಬಿಟ್ಟರೆ ಆ ಜನರಿಗೆ ಅನ್ಯಾಯ ಮಾಡಿದ ಹಾಗೆ, ಅಲ್ವಾ?

ಒಗ್ಗಟ್ಟಿಗಾಗಿ ಇನ್ನೂ ಕೆಲವು ಕೆಲಸ ನಡೆದವು. ಪ್ರೌಢಶಾಲೆಗೆ ಮಕ್ಕಳನ್ನು ದೂರದ ಊರಿನ ಹಾಸ್ಟೆಲ್‌ಗಳಿಗೆ ಕಳಿಸುತ್ತಿದ್ದರು, ನೌಕರರನ್ನು ಬೇರೆ ಬೇರೆ ಪ್ರಾಂತ್ಯಗಳಿಗೆ ಹಾಕುತ್ತಿದ್ದರು. 1967ರ ಬಳಿಕ ಜನಗಣತಿಯಲ್ಲಿ ಬುಡಕಟ್ಟು, ಧರ್ಮ ಕೇಳುವುದನ್ನೇ ನಿಲ್ಲಿಸಿದರು. ನ್ಯೆರೆರೆಯಿಂದ ಹಿಡಿದು 2021ರಲ್ಲಿ ಮೊದಲ ಮಹಿಳಾ ಅಧ್ಯಕ್ಷೆಯಾದ ಸಾಮಿಯಾ ಸುಲುಹು ಹಸನ್ ತನಕ, ಕ್ರೈಸ್ತರು ಮತ್ತು ಮುಸ್ಲಿಮರು ಸರದಿಯಂತೆ ಅಧ್ಯಕ್ಷರಾಗಿದ್ದಾರೆ.

ಹಾಗಂತ ಎಲ್ಲವೂ ಸರಿಯಿಲ್ಲ. 1992ರಿಂದ ಬಹುಪಕ್ಷ ವ್ಯವಸ್ಥೆ ಇದ್ದರೂ ಆಳುತ್ತಿರುವುದು ಟಾನುವಿನ ಉತ್ತರಾಧಿಕಾರಿ ಸಿಸಿಎಂ ಪಕ್ಷವೇ. 2025ರ ಅಕ್ಟೋಬರ್ ಚುನಾವಣೆಯ ಹೊತ್ತಿಗೆ ಜನ ಬೀದಿಗಿಳಿದರು, ದಾರ್ ಎಸ್ ಸಲಾಮ್‌ನಲ್ಲಿ ಕರ್ಫ್ಯೂ ಬಂತು, ಇಂಟರ್ನೆಟ್ ನಿಂತಿತು. ಶಾಲೆಯ ವಿಚಾರವೂ ಇತ್ಯರ್ಥವಾಗಿಲ್ಲ. ಪ್ರಾಥಮಿಕ ಶಾಲೆ ಸ್ವಾಹಿಲಿಯಲ್ಲಿ, ಪ್ರೌಢಶಾಲೆ ಇಂಗ್ಲಿಷಿನಲ್ಲಿ. ಈ ಜಿಗಿತದಲ್ಲಿ ಹಳ್ಳಿಯ ಮಕ್ಕಳು ಎಡವುತ್ತಾರೆ. ಎಲ್ಲ ಹಂತದಲ್ಲೂ ಸ್ವಾಹಿಲಿಗೆ ಅವಕಾಶ ಕೊಡುವ ನೀತಿ 2015ರಲ್ಲಿ ಹೊರಬಂತು, ಆದರೆ ಪ್ರೌಢಶಾಲೆಯ ಪಾಠ ಇಂಗ್ಲಿಷಿನಲ್ಲೇ ಮುಂದುವರಿಯಿತು.