ಟ್ರಿಕ್‌ಸ್ಟರ್: ಮೋಸ ಮಾಡುವವನು, ಮೋಸ ಹೋಗುವವನು

ದೇವರನ್ನೇ ಯಾಮಾರಿಸಿ, ಮರುಗಳಿಗೆಯಲ್ಲಿ ತನ್ನ ಹೊಟ್ಟೆಬಾಕತನದಿಂದಲೇ ಪೆಟ್ಟು ತಿನ್ನುವ ಪಾತ್ರವೊಂದು ಜಗತ್ತಿನ ಅನೇಕ ಜನಪದ ಕಥೆಗಳಲ್ಲಿದೆ. ಜಾನಪದ ಅಧ್ಯಯನದಲ್ಲಿ ಅದನ್ನು ಟ್ರಿಕ್‌ಸ್ಟರ್ ಎನ್ನುತ್ತಾರೆ. ಕನ್ನಡದಲ್ಲಿ ಠಕ್ಕ, ಕಪಟಿ, ಚಾಲಾಕಿ ಎಂಬ ಮಾತುಗಳಿದ್ದರೂ ಅವು ಈ ಪಾತ್ರದ ಒಂದೊಂದು ಮುಖವನ್ನಷ್ಟೇ ತೋರಿಸುತ್ತವೆ. ಈತ ಜಾಣ, ಜೊತೆಗೆ ಪೆದ್ದ. ಯಾರೂ ದಾಟಬಾರದ ಗೆರೆಯನ್ನು ದಾಟುತ್ತಾನೆ. ತಾನು ತೋಡಿದ ಹಳ್ಳಕ್ಕೆ ಎಷ್ಟೋ ಸಲ ತಾನೇ ಬೀಳುತ್ತಾನೆ. ಹೀಗೆ ಬೀಳುವ ಗುಣವನ್ನು ಬಿಟ್ಟರೆ ಉಳಿಯುವುದು ಬರೀ ಬುದ್ಧಿವಂತನ ಕಥೆ.

ವಿದ್ವಾಂಸರ ನಡುವೆ ಈ ಪದ ಬೇರೂರಲು ಮುಖ್ಯ ಕಾರಣ ಮಾನವಶಾಸ್ತ್ರಜ್ಞ ಪಾಲ್ ರಾಡಿನ್ 1956ರಲ್ಲಿ ಪ್ರಕಟಿಸಿದ ಅಧ್ಯಯನ. ಅದರ ಕೇಂದ್ರದಲ್ಲಿರುವುದು ಅಮೆರಿಕದ ಮೂಲನಿವಾಸಿಗಳಾದ ಹೋ-ಚಂಕ್ ಜನರ ಕಥಾಮಾಲೆ. ಅದರಲ್ಲೊಂದು ಪ್ರಸಂಗದಲ್ಲಿ ನಾಯಕ ತಾನು ಕೊಂದ ಕಾಡುಕೋಣವನ್ನು ಬಲಗೈಯಿಂದ ಕೊಯ್ಯುತ್ತಿರುತ್ತಾನೆ. ಎಡಗೈ ಅದನ್ನು ಕಸಿಯಲು ಬರುತ್ತದೆ. ಎರಡು ಕೈಗಳಿಗೂ ಜಗಳ ಹತ್ತಿ, ಎಡಗೈ ರಕ್ತ ಸುರಿಸುತ್ತದೆ. ತನ್ನ ಮೈಯೆಲ್ಲ ತನ್ನದೇ ಎಂಬ ತಿಳಿವೂ ಇಲ್ಲದ ನಾಯಕ ಇವನು! ಅದೇ ಗ್ರಂಥಕ್ಕೆ ಲೇಖನ ಬರೆದ ಮನಶ್ಶಾಸ್ತ್ರಜ್ಞ ಕಾರ್ಲ್ ಯೂಂಗ್, ಮನುಷ್ಯಕುಲ ಒಟ್ಟಾಗಿ ಹೊತ್ತಿರುವ ಕರಾಳ ನೆರಳನ್ನು ಈ ಪಾತ್ರದಲ್ಲಿ ಕಂಡರು. ಆ ವಿವರಣೆ ನನಗೆ ಅಷ್ಟು ಹಿಡಿಸುವುದಿಲ್ಲ. ಎಲ್ಲವನ್ನೂ ಮನಸ್ಸಿನೊಳಗೆ ಎಳೆದುಕೊಂಡರೆ ಕಥೆ ಹೇಳಿದ ಜನ, ಅವರ ಕಷ್ಟಸುಖ ಕಾಣದೆ ಹೋಗುತ್ತವೆ.

ಆ ಕಷ್ಟಸುಖ ಚೆನ್ನಾಗಿ ಕಾಣುವುದು ಅನಾನ್ಸಿಯ ಕಥೆಗಳಲ್ಲಿ. ಇವನು ಪಶ್ಚಿಮ ಆಫ್ರಿಕಾದ ಘಾನಾದಲ್ಲಿರುವ ಅಕಾನ್ ಜನರ ಜೇಡ. ಮೊದಲು ಕಥೆಗಳೆಲ್ಲ ಆಕಾಶದೇವ ನ್ಯಾಮೆಯ ಸೊತ್ತಾಗಿದ್ದವು. ಅನಾನ್ಸಿ ಅವನ್ನು ಕೊಳ್ಳಲು ಹೊರಟ. ಹೆಬ್ಬಾವು, ಚಿರತೆ, ಕಣಜಗಳ ಹಿಂಡು, ಕಾಡಿನ ಒಂದು ಕುಳ್ಳ ಭೂತ, ಇವಿಷ್ಟನ್ನು ಹಿಡಿದು ತರಬೇಕೆಂದು ದೇವರು ಬೆಲೆ ಕಟ್ಟಿದ. ಜೇಡಕ್ಕೆ ತೋಳ್ಬಲವಿಲ್ಲ. ‘ನೀನು ಈ ಕೋಲಿಗಿಂತ ಉದ್ದವೋ ಗಿಡ್ಡವೋ, ಅಳೆದು ನೋಡೋಣ’ ಎಂದು ಹೆಬ್ಬಾವನ್ನು ಮಲಗಿಸಿ ಕೋಲಿಗೇ ಬಿಗಿದ. ಕಣಜಗಳ ಮೇಲೆ ನೀರು ಸುರಿದು, ಮಳೆ ಬಂತು, ಈ ಸೋರೆಬುರುಡೆಯೊಳಗೆ ಬನ್ನಿ ಎಂದು ಕರೆದು ಬಾಯಿ ಮುಚ್ಚಿದ. ಈ ಉಪಾಯಗಳನ್ನು ಹೇಳಿಕೊಟ್ಟವಳು ಹೆಂಡತಿ ಆಸೊ ಎನ್ನುವ ಪಾಠಾಂತರವೂ ಇದೆ. ಅಂದಿನಿಂದ, ಅನಾನ್ಸಿ ಸುಳಿಯದ ಕಥೆಯೂ ಅವನ ಹೆಸರಿನಲ್ಲೇ ‘ಅನಾನ್ಸೆಸೆಮ್’ ಎನಿಸಿಕೊಳ್ಳುತ್ತದೆ.

ಇಷ್ಟೆಲ್ಲ ಗೆದ್ದವನು ಇನ್ನೊಂದು ಕಥೆಯಲ್ಲಿ ಲೋಕದ ಜ್ಞಾನವನ್ನೆಲ್ಲ ಮಡಕೆಯಲ್ಲಿ ತುಂಬಿ ಮರದ ತುದಿಯಲ್ಲಿ ಬಚ್ಚಿಡಲು ಹೋಗುತ್ತಾನೆ. ಮಡಕೆಯನ್ನು ಹೊಟ್ಟೆಗೆ ಕಟ್ಟಿಕೊಂಡದ್ದರಿಂದ ಹತ್ತಲಾಗುವುದಿಲ್ಲ. ಬೆನ್ನಿಗೆ ಕಟ್ಟಿಕೊಳ್ಳಬಾರದೇ ಎಂದು ಕೆಳಗಿನಿಂದ ಮಗ ಕೇಳುತ್ತಾನೆ. ಜ್ಞಾನವೆಲ್ಲ ತನ್ನ ಬಳಿ ಇರುವಾಗ ಮಗನಿಗೆ ಇಷ್ಟು ಹೊಳೆದದ್ದು ಹೇಗೆಂದು ಸಿಟ್ಟಾದ ಅನಾನ್ಸಿಯ ಕೈಯಿಂದ ಮಡಕೆ ಬಿದ್ದು ಒಡೆಯುತ್ತದೆ, ಜ್ಞಾನ ಎಲ್ಲರ ಪಾಲಾಗುತ್ತದೆ. ಟ್ರಿಕ್‌ಸ್ಟರ್‌ನಿಂದ ಲೋಕಕ್ಕೆ ಒಳಿತಾಗುವ ಬಗೆ ಇದು. ಉಪಕಾರ ಮಾಡುವ ಉದ್ದೇಶ ಅವನಿಗಿರುವುದಿಲ್ಲ. ಅವನ ಆಸೆ ಕೈಕೊಟ್ಟಾಗ ಲೋಕಕ್ಕೆ ಲಾಭವಾಗುತ್ತದೆ.

ಗುಲಾಮರಾಗಿ ಹಡಗಿನಲ್ಲಿ ಸಾಗಿಸಲ್ಪಟ್ಟವರೊಂದಿಗೆ ಅನಾನ್ಸಿ ಅಟ್ಲಾಂಟಿಕ್ ದಾಟಿ ಜಮೈಕಾ ಸೇರಿದ. ಚಾವಟಿ ಹಿಡಿದ ಯಜಮಾನನ ಎದುರು ಬದುಕಿ ಉಳಿಯಬೇಕಾದವರಿಗೆ, ಬಲಿಷ್ಠರನ್ನು ಮಾತಿನಲ್ಲೇ ಕಟ್ಟಿಹಾಕುವ ಪುಟ್ಟ ಜೇಡ ಬರೀ ಮನರಂಜನೆಯಾಗಿರಲು ಸಾಧ್ಯವಿರಲಿಲ್ಲ.

ನೈಜೀರಿಯಾದ ಯೊರುಬಾ ಜನರ ಎಶು ಇನ್ನೂ ತೀಕ್ಷ್ಣ. ಒಂದು ಬದಿ ಒಂದು ಬಣ್ಣ, ಇನ್ನೊಂದು ಬದಿ ಬೇರೆ ಬಣ್ಣವಿದ್ದ ಟೋಪಿ ಹಾಕಿಕೊಂಡು ಇಬ್ಬರು ಗೆಳೆಯರ ಹೊಲಗಳ ನಡುವೆ ಅವನು ನಡೆದುಹೋದ. ಟೋಪಿಯ ಬಣ್ಣ ಯಾವುದೆಂದು ಗೆಳೆಯರು ಹೊಡೆದಾಡಿಕೊಂಡರು. ಇಬ್ಬರೂ ಕಂಡದ್ದನ್ನೇ ಹೇಳಿದ್ದರು. ಎಶುವನ್ನು ಸೈತಾನನೆಂದು ಅನುವಾದಿಸಿದ ಕ್ರೈಸ್ತ ಮಿಷನರಿಗಳು ಅವನಿಗೆ ಅನ್ಯಾಯ ಮಾಡಿದರು. ಅವನು ಕೂಡುದಾರಿಯ ದೈವ, ದೇವರಿಗೂ ಮನುಷ್ಯರಿಗೂ ನಡುವಿನ ದೂತ.

ನಮ್ಮಲ್ಲಿ ಆಸ್ಥಾನದ ತೆನಾಲಿ ರಾಮಕೃಷ್ಣ ಹೆಚ್ಚಾಗಿ ಗೆಲ್ಲುವ ಜಾಣನೇ. ಆದರೆ ಹಲವು ತಲೆಗಳ ಕಾಳಿ ಪ್ರತ್ಯಕ್ಷಳಾದಾಗ, ಇವಳಿಗೆ ನೆಗಡಿಯಾದರೆ ಇಷ್ಟು ಮೂಗುಗಳ ಗತಿಯೇನು ಎಂದು ನಗುವ ತೆನಾಲಿ ಅಪ್ಪಟ ಟ್ರಿಕ್‌ಸ್ಟರ್. ಭಕ್ತಿಗೂ ಹಾಸ್ಯಕ್ಕೂ ನಡುವೆ ಇರುವ ಗೆರೆಯನ್ನು ಆತ ಅಲ್ಲಿ ದಾಟುತ್ತಾನೆ. ಬೆಣ್ಣೆ ಕದ್ದ ಕೃಷ್ಣನನ್ನು, ಹುಟ್ಟಿದ ದಿನವೇ ಅಪೊಲೊನ ದನಗಳನ್ನು ಕದ್ದ ಗ್ರೀಕರ ಹರ್ಮಿಸ್‌ನ ಜೊತೆ ಹೋಲಿಸುವವರಿದ್ದಾರೆ. ಹೋಲಿಕೆ ಚೆಂದವೇ. ಆದರೂ ಕೃಷ್ಣನ ಆಟ ಲೀಲೆ; ಅವನು ನಿಜವಾಗಿ ಮೋಸಹೋಗಲಾರ. ಹನ್ನೊಂದನೆಯ ಶತಮಾನದಲ್ಲೇ ದುರ್ಗಸಿಂಹ ಕನ್ನಡಕ್ಕೆ ತಂದ ಪಂಚತಂತ್ರದ ಪರಂಪರೆಯಲ್ಲಿ ಬರುವ ನೀಲಿ ನರಿ ನನ್ನ ಲೆಕ್ಕದಲ್ಲಿ ಟ್ರಿಕ್‌ಸ್ಟರ್‌ಗೆ ಹೆಚ್ಚು ಹತ್ತಿರ. ಬಣ್ಣದ ತೊಟ್ಟಿಗೆ ಬಿದ್ದು, ಆ ಬಣ್ಣದ ಬಲದಿಂದಲೇ ಸಿಂಹಕ್ಕೂ ಒಡೆಯನಾಗಿ ಮೆರೆದ ಅದು, ದೂರದಲ್ಲಿ ನರಿಗಳು ಊಳಿಟ್ಟದ್ದು ಕೇಳಿ ತಡೆಯಲಾರದೆ ತಾನೂ ಊಳಿಟ್ಟು ಸಿಕ್ಕಿಬೀಳುತ್ತದೆ.